ನಿಂತು ನಿಂತು ಹೋಗುವ ಬುಲೆಟ್ ಟ್ರೈನು

ಟೊರಾಂಟೊ ಸುತ್ತಮುತ್ತ ಬಂದು ನೆಲೆಸಿರುವ ನಮ್ಮವರಲ್ಲಿ ಏನೇ ಕೊರತೆಯಿದ್ದರೂ ಮುಚ್ಚಿಟ್ಟುಕೊಳ್ಳಲು ಒಂದು ದಾರಿಯಿದೆ. ಹಾಡು ಬಾರದಿದ್ದರೆ ಈ ಚಳಿಗೆ ಗಂಟಲು ಕಟ್ಟಿದೆ ಎನ್ನಬಹುದು. ಹೋಳಿಗೆ ಹರಿದರೆ ಇಲ್ಲಿಯ ಮೈದಾ ಹಿಟ್ಟನ್ನು ಬೈಯಬಹುದು. ಮಕ್ಕಳು ಕನ್ನಡ ಆಡದಿದ್ದರೆ 'ಅರ್ಥ ಎಲ್ಲಾ ಆಗತ್ತೆ, ಮಾತಾಡಲ್ಲ ಅಷ್ಟೆ' ಎಂದು ನಗಬಹುದು. ಆದರೆ ಕಾರು ಓಡಿಸಲು ಬಾರದ ಹೆಂಗಸು ಮಾತ್ರ ಎಲ್ಲಿಯೂ ಅಡಗುವಂತಿಲ್ಲ. ಯುಗಾದಿ ಊಟ ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ, ಕೋಟು ಬೂಟು ಎಲ್ಲ ಏರಿಸಿಕೊಂಡು, ಕೈಯಲ್ಲಿ ಖಾಲಿ ಪಾತ್ರೆಯ ಚೀಲ ಹಿಡಿದು, ಬಾಗಿಲ ಹತ್ತಿರ ಬೆವರುತ್ತ ನಿಂತು, ಅರ್ಧ ಗಂಟೆಯಿಂದ 'ಹೊರಟೆ, ಹೊರಟೆ' ಎನ್ನುತ್ತಿರುವ ಗಂಡನ ಕಡೆ ನೋಡುತ್ತಿರುವ ಒಬ್ಬಳು ಕಾಣಿಸುತ್ತಾಳಲ್ಲ, ಅವಳೇ ನಾನು. ನನಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ತಲೆ ತಗ್ಗಿಸಿ ಹೇಳುತ್ತಿದ್ದೇನೆಂದು ಯಾರೂ ತಿಳಿಯಬೇಡಿ. ಮೊದಲು ತಗ್ಗಿಸುತ್ತಿದ್ದುದು ನಿಜ. ಆಮೇಲೆ ಎತ್ತಿದೆ. ಯಾವಾಗ ಎತ್ತಿದೆ, ಏಕೆ ಎತ್ತಿದೆ ಎನ್ನುವುದಕ್ಕೆ ಜಪಾನಿನ ಒಂದು ಸಣ್ಣ ಊರಿನ ರೈಲ್ವೆ ಸ್ಟೇಶನ್ ಕಾರಣ.

ಅಲ್ಲಿಗೆ ಹೋಗುವ ಮೊದಲು ನನ್ನ ಕಲಿಕೆಯ ಕಥೆಯನ್ನು ಹೇಳಿಬಿಡಬೇಕು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಿಸಿಸಾಗಕ್ಕೆ ಬಂದಾಗ, ನಮ್ಮ ಮನೆಯವರು, ಎಂದರೆ ಶ್ರೀಪತಿ, ತಾವೇ ನನಗೆ ಡ್ರೈವಿಂಗ್ ಕಲಿಸುವುದಾಗಿ ಹೇಳಿದರು. ಗಂಡನಾದವನು ಹೆಂಡತಿಗೆ ಏನನ್ನಾದರೂ ಕಲಿಸಬಹುದು, ಈಜು ಮತ್ತು ಕಾರನ್ನು ಮಾತ್ರ ಕಲಿಸಬಾರದು. ಎರಡರಲ್ಲೂ ಪ್ರಾಣಭಯ ಕಲಿಸುವವನಿಗೇ ಹೆಚ್ಚು. ಭಾನುವಾರ ಬೆಳಿಗ್ಗೆ ಮಾಲಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಾನು ಸ್ಟಿಯರಿಂಗ್ ಹಿಡಿದು ಕುಳಿತರೆ, ಇವರು ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಒತ್ತಿ ಒತ್ತಿ ಆ ಕಡೆಯ ಕಾಲಡಿಯ ಮ್ಯಾಟು ಸವೆದು ಹೋಯಿತೇ ಹೊರತು ನನ್ನ ವೇಗ ಏರಲಿಲ್ಲ. "ಹೋಗು, ಹೋಗು, ಹೋಗು" ಎನ್ನುವುದು, ನಾನು ಹೋದರೆ "ಅಯ್ಯೋ, ನಿಲ್ಸು" ಎನ್ನುವುದು. ಪರೀಕ್ಷೆಗೆ ಹೋದೆ. ನಾನು ಯಾವ ಕಂಬಕ್ಕೂ ಗುದ್ದಲಿಲ್ಲ, ಯಾವ ಕೆಂಪು ದೀಪವನ್ನೂ ದಾಟಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಪರೀಕ್ಷಕ ಹೇಳಿದ್ದು ಒಂದೇ ಮಾತು: "ಮೇಡಂ, ನೀವು ವಿಪರೀತ ನಿಧಾನ." ಫೇಲು. ಇನ್ನೊಮ್ಮೆ ಹೋದೆ. ಬೇರೆ ಪರೀಕ್ಷಕ, ಅದೇ ಮಾತು. ಮೂರನೆಯ ಸಲ ಬಂದವಳು ಹೆಂಗಸು, ನನ್ನ ಕಷ್ಟ ಅವಳಿಗೆ ಅರ್ಥವಾಗುತ್ತದೆ ಎಂದುಕೊಂಡೆ. ಅರ್ಥವಾಯಿತು, ತೋಳು ಸವರಿ ಫೇಲು ಮಾಡಿದಳು. ಜೋರಾಗಿ ಓಡಿಸಿ ಸಿಕ್ಕಿಬೀಳುವವರನ್ನು ನೋಡಿದ್ದೆ. ನಿಧಾನಕ್ಕಾಗಿ ತಪ್ಪಿತಸ್ಥಳಾದದ್ದು ನಮ್ಮ ಬಳಗದಲ್ಲಿ ನಾನೊಬ್ಬಳೇ.

ಆಮೇಲೆ ಕಂಡಕಂಡಲ್ಲಿ ವಿಚಾರಣೆ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗದವಳನ್ನು ಊರಿನಲ್ಲಿ ಕೇಳುತ್ತಾರಲ್ಲ, 'ಏನಾದ್ರೂ ವಿಶೇಷ?' ಅಂತ, ಅದೇ ದನಿಯಲ್ಲಿ ಇಲ್ಲಿ 'ಲೈಸೆನ್ಸ್ ಆಯ್ತಾ?' ಎಂದು ಕೇಳುತ್ತಿದ್ದರು. ಧಾರವಾಡದ ಕಡೆಯ ಹಿರಿಯ ಡಾಕ್ಟರೊಬ್ಬರಿದ್ದಾರೆ, ಬಸವಂತರಾಯರು ಅಂತ. ನಮಗಿಂತ ಬಹಳ ಹಿಂದೆ ಇಲ್ಲಿಗೆ ಬಂದು ಆಗಲೇ ನಿವೃತ್ತರಾಗಿ ಎಲ್ಲರಿಗೂ ಪುಕ್ಕಟೆ ಬುದ್ಧಿ ಹೇಳಿಕೊಂಡಿದ್ದವರು. ಅವರು ನನ್ನನ್ನು ಕಂಡಾಗಲೆಲ್ಲ, "ಏನವಾ ವಸುಧಾ, ಈ ದೇಶದಾಗ ಗಾಡಿ ಇಲ್ಲಂದ್ರ ಕಾಲಿಲ್ಲದಂಗ ನೋಡು" ಎನ್ನುತ್ತಿದ್ದರು. ನಾನು ನನ್ನ ಎರಡು ಕಾಲುಗಳನ್ನು ನೋಡಿಕೊಳ್ಳುತ್ತಿದ್ದೆ. ಆ ಕಾಲುಗಳ ಮೇಲೇ ನಾನು ದಿನಾ ಮಿಸಿಸಾಗದಿಂದ ವುಡ್‌ಬ್ರಿಡ್ಜಿಗೆ, ಒಂದು ಬಸ್ಸಿಳಿದು ಇನ್ನೊಂದು ಹತ್ತಿ, ಅದನ್ನಿಳಿದು ಮತ್ತೊಂದು ಹತ್ತಿ, ಕೆಲಸಕ್ಕೆ ಹೋಗಿಬರುತ್ತಿದ್ದೆ.

ನನ್ನ ಕೆಲಸವಿದ್ದದ್ದು ಕಾರಿನ ಬಾಗಿಲಿಗೆ ಸುತ್ತಲೂ ಕೂರಿಸುವ ರಬ್ಬರು ಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ. ಮಳೆನೀರು, ಚಳಿಗಾಳಿ ಒಳಗೆ ಬಾರದಂತೆ ತಡೆಯುವುದು ಆ ಪಟ್ಟಿಯೇ. ಕಾರು ಓಡಿಸಲು ಬಾರದವಳು ಕಾರಿನ ಭಾಗ ಪರೀಕ್ಷಿಸುವುದನ್ನು ಕೇಳಿ ನಮ್ಮ ಬಳಗ ನಕ್ಕಿದ್ದಿದೆ. ನಗಲಿ, ನಾನು ಪಾಸು ಮಾಡಿದ ಬಾಗಿಲು ಸೋರಿದ್ದಿಲ್ಲ. ನನ್ನ ಕೈಕೆಳಗೆ ಎಂಟು ಜನ ಹೆಂಗಸರು. ಇಟಲಿಯಿಂದ ಬಂದು ಮೊಮ್ಮಕ್ಕಳನ್ನು ಕಂಡಿದ್ದ ಮರಿಯಾ, ಲುಧಿಯಾನದ ಹರ್‌ಭಜನ್ ಕೌರ್, ಇಂಥವರು. ಉದ್ದುದ್ದ ಪಟ್ಟಿಯ ಮೇಲೆ ಬೆರಳು ಎಳೆದುಕೊಂಡು ಹೋಗಿ, ಎಲ್ಲಿ ಗುಳಿ, ಎಲ್ಲಿ ಗಂಟು ಎಂದು ನೋಡುವುದು ಅವರ ಕೆಲಸ. ಮೇಲಿನ ಮ್ಯಾನೇಜರು ಫ್ರಾಂಕ್, ವುಡ್‌ಬ್ರಿಡ್ಜಿನಲ್ಲೇ ಹುಟ್ಟಿ ಬೆಳೆದ ಇಟಾಲಿಯನ್. ಒಳ್ಳೆಯವನೇ. ಆದರೆ ಅವನ ಮೈಯಲ್ಲಿ ಯಾವಾಗಲೂ ಯಾರೋ ಹಿಂದಿನಿಂದ ಹಾರ್ನ್ ಹೊಡೆಯುತ್ತಿರುವಂಥ ಅವಸರ. ಲಿಫ್ಟು ಬರುವವರೆಗೆ ಕಾಯಲಾಗದೆ ಮೆಟ್ಟಿಲು ಹತ್ತುತ್ತಿದ್ದ, ನನ್ನ ಪೂರ್ತಿ ಹೆಸರು ಹೇಳುವಷ್ಟು ಹೊತ್ತು ಅವನಿಗಿರಲಿಲ್ಲ. ಅವನ ಬಾಯಲ್ಲಿ ನಾನು 'ವಾಸು'. ಮೈಸೂರಿನಲ್ಲಿ ವಾಸು ಎಂದರೆ ನನ್ನ ಸೋದರಮಾವ, ಮೀಸೆಯೂ ಉಂಟು.

ಆ ಕಾರ್ಖಾನೆಯ ಒಡೆಯರು ಜಪಾನಿನವರು. ತೊಂಬತ್ತರ ದಶಕದ ಕೊನೆಯಲ್ಲೊಂದು ವರ್ಷ, ಹೊಸ ಮಾಡೆಲಿನ ಕೆಲಸ ನಮ್ಮ ಕಾರ್ಖಾನೆಗೆ ಬರಬೇಕಾದರೆ ಫ್ರಾಂಕ್ ಅಲ್ಲಿಗೆ ಹೋಗಿ, ಅವರ ಕ್ರಮಗಳನ್ನು ಮೂರು ವಾರ ನೋಡಿ, ಕಡೆಗೆ ಹೆಡ್ ಆಫೀಸಿನಲ್ಲಿ ತನ್ನ ಯೋಜನೆ ಮಂಡಿಸಬೇಕೆಂದಾಯಿತು. ಜೊತೆಗೆ ಬರಬೇಕಾಗಿದ್ದ ಇಂಜಿನಿಯರನ ಹೆಂಡತಿಗೆ ದಿನ ತುಂಬಿತ್ತು. ಫ್ರಾಂಕ್ ನನ್ನ ಮೇಜಿನ ಹತ್ತಿರ ಬಂದು, "ವಾಸು, ನೀನು ಬಾ" ಎಂದ. ಮನೆಯಲ್ಲಿ ಹೇಳಿದಾಗ ಶ್ರೀಪತಿ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿ ಬುಲೆಟ್ ಟ್ರೈನ್ ಎಷ್ಟು ಸ್ಪೀಡ್ ಹೋಗತ್ತೆ ಅಂತ ನೋಡ್ಕೊಂಡು ಬಾ" ಎಂದರು. ಆಗ ಪ್ರೈಮರಿ ಸ್ಕೂಲಿನಲ್ಲಿದ್ದ ಮಗಳು ಮೇಘ, "ಹೂ ವಿಲ್ ಮೇಕ್ ದೋಸೆ?" ಎಂದಳು. ಮನೆಯವರ ಬೀಳ್ಕೊಡುಗೆ ಅಷ್ಟು.

ಕಾರ್ಖಾನೆಯಿದ್ದದ್ದು ಒಂದು ಸಣ್ಣ ಊರಿನ ಹೊರಗೆ. ಆ ಊರಿನ ಹೆಸರನ್ನು ನಾನು ಮೂರು ವಾರ ಪ್ರತಿದಿನ ತಪ್ಪಾಗಿಯೇ ಹೇಳಿದೆ, ಈಗ ಬರೆದು ಅವಮಾನ ಮಾಡುವುದಿಲ್ಲ. ನಮ್ಮ ಹೋಟೆಲು ಸ್ಟೇಶನ್ನಿನ ಎದುರಿಗೇ ಇತ್ತು. ಸ್ಟೇಶನ್ ಎಂದರೆ ಎರಡು ಅಂತಸ್ತಿನ ಸಂಸಾರ. ಮೇಲೆ, ಕಂಬಗಳ ಮೇಲೆ ಎತ್ತರದಲ್ಲಿ, ಬುಲೆಟ್ ಟ್ರೈನಿನ ಪ್ಲಾಟ್‌ಫಾರ್ಮ್. ಕೆಳಗೆ, ನೆಲದ ಮೇಲೆ, ಲೋಕಲ್ ಗಾಡಿಗಳದ್ದು. ಮೇಲಿನದು ಬಿಳಿಯ ಉದ್ದ ಮೂಗಿನ ಮದುಮಗ. ಕೆಳಗಿನದು ಎರಡೇ ಡಬ್ಬಿಯ, ಸ್ಕೂಲು ಮಕ್ಕಳನ್ನೂ ಸೊಪ್ಪಿನ ಗಂಟು ಹಿಡಿದ ಅಜ್ಜಿಯರನ್ನೂ ತುಂಬಿಕೊಂಡು, ಗದ್ದೆಗಳ ನಡುವೆ ಕುಲುಕುತ್ತ ಹೋಗುವ ಬಡಪಾಯಿ. ನಾವು ದಿನಾ ಬೆಳಿಗ್ಗೆ ಹೋಗಬೇಕಾಗಿದ್ದುದು ಆ ಬಡಪಾಯಿಯಲ್ಲಿ. ಅದರ ಡ್ರೈವರು ಬಿಳಿಯ ಕೈಗವಸು ತೊಟ್ಟು, ಹೊರಡುವ ಮೊದಲು ಸಿಗ್ನಲಿನ ಕಡೆ ಬೆರಳು ಚಾಚಿ ತನಗೆ ತಾನೇ ಏನೋ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಮೇಲಿನ ಗಾಡಿಯಿಂದ ಇಳಿದು ಬರುವವರಿಗಾಗಿ ಕೆಳಗಿನ ಗಾಡಿ ಕಾಯುತ್ತಿತ್ತು. ಫ್ರಾಂಕ್ ಒಳಗೆ ಕುಳಿತು ಮೊಣಕಾಲು ಅಲ್ಲಾಡಿಸುತ್ತ, "ಇದು ಹೊರಡತ್ತಾ, ಇಲ್ಲಾ ಇಲ್ಲೇ ಸಂಸಾರ ಹೂಡತ್ತಾ?" ಎನ್ನುತ್ತಿದ್ದ.

ಸಂಜೆ ಕೆಲಸ ಮುಗಿದ ಮೇಲೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲ. ಊಟದ್ದು ಬೇರೆಯದೇ ಪಾಡು. ಪ್ಲಾಟ್‌ಫಾರ್ಮಿನ ನೂಡಲ್ಸ್ ಅಂಗಡಿಯ ಹಬೆ ಮೂಗಿಗೆ ಬಡಿದು ಬಾಯಲ್ಲಿ ನೀರೂರಿದರೂ, ಆ ಸಾರಿನ ಬೇರು ಮೀನಿನಲ್ಲಿದೆ ಎಂದು ತಿಳಿದಿದ್ದರಿಂದ ಮುಂದೆ ಹೋಗುತ್ತಿದ್ದೆ. ಕಡೆಗೆ ಸಿಕ್ಕಿದ್ದು ಒಂದು ಅನ್ನದ ಉಂಡೆ. ಅದರ ಹೊಟ್ಟೆಯಲ್ಲಿ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣೊಂದಿತ್ತು, ನಮ್ಮ ಉಪ್ಪಿನಕಾಯಿಗೆ ದೂರದ ತಂಗಿಯಾಗಬೇಕು. ಮೊದಲನೆಯ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಹುಳಿಗೋ ಮನೆಯ ನೆನಪಿಗೋ ಹೇಳಲಾರೆ. ಅಂಥ ಎರಡು ಉಂಡೆ, ಊರಿಂದ ತಂದ ಚಟ್ನಿಪುಡಿಯ ಪೊಟ್ಟಣ ಹಿಡಿದುಕೊಂಡು, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು, ಮೇಲಿನ ಅಂತಸ್ತಿನ ಬೆಂಚಿನ ಮೇಲೆ ಕೂರುತ್ತಿದ್ದೆ. ನಮ್ಮೂರಲ್ಲಿ ಸಂಜೆ ಹೊತ್ತು ಜನ ಕೆರೆ ಏರಿಯ ಮೇಲೆ ಕೂರುವುದಿಲ್ಲವೇ, ಹಾಗೆ.

ಅಲ್ಲಿ ನಾನು ಕಂಡದ್ದನ್ನು ಈಗಲೂ ಯಾರಿಗಾದರೂ ಹೇಳಹೋದರೆ, 'ಇದರಲ್ಲೇನಿದೆ?' ಎನ್ನುತ್ತಾರೆ. ಬುಲೆಟ್ ಟ್ರೈನಿನಲ್ಲೂ ಜಾತಿ ಇದೆ. ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುವ ಮಹಾರಾಯ ಒಂದು. ಎಲ್ಲ ಸ್ಟೇಶನ್ನಿನಲ್ಲೂ ನಿಂತು ನಿಂತು ಹೋಗುವುದು ಇನ್ನೊಂದು. ನಮ್ಮ ಸ್ಟೇಶನ್ನಿನಲ್ಲಿ ನಿಲ್ಲುತ್ತಿದ್ದುದು ಈ ಎರಡನೆಯದು. ಅದು ಬಂದು ಪಕ್ಕದ ಹಳಿಯಲ್ಲಿ ನಿಲ್ಲುತ್ತದೆ, ಬಾಗಿಲು ತೆರೆದುಕೊಂಡೇ ಇರುತ್ತದೆ. ಅಷ್ಟರಲ್ಲಿ ನಡುವಿನ ಹಳಿಯಲ್ಲಿ ಮಹಾರಾಯ ಬರುತ್ತಾನೆ. ಬರುತ್ತಾನೆ ಎನ್ನುವುದು ಮರ್ಯಾದೆಯ ಮಾತು. ಗಾಳಿ ಎದೆಗೆ ಗುದ್ದುತ್ತದೆ, ಕಂಬಗಳು ಗುಂಯ್ ಎನ್ನುತ್ತವೆ, ನೋಡುವಷ್ಟರಲ್ಲಿ ಏನೂ ಇರುವುದಿಲ್ಲ. ಒಂದು ಸಲ ನನ್ನ ಶಾಲು ಹಾರಿ ಸ್ಟೇಶನ್ ಸಿಬ್ಬಂದಿಯೊಬ್ಬನ ತಲೆಯ ಮೇಲೆ ಬಿತ್ತು. ಅವನು ಅದನ್ನು ನೀಟಾಗಿ ಮಡಿಸಿ, ಎರಡು ಕೈಯಲ್ಲಿ ಹಿಡಿದು, ಬಗ್ಗಿ ಕೊಟ್ಟ. ನಾನು ನೋಡುತ್ತಿದ್ದುದು ಮಹಾರಾಯನನ್ನಲ್ಲ, ನಿಂತ ಗಾಡಿಯಲ್ಲಿದ್ದವರ ಮುಖಗಳನ್ನು. ತಮ್ಮನ್ನು ಹಿಂದೆ ಹಾಕಿ ಇನ್ನೊಂದು ಗಾಡಿ ಹೋಯಿತೆಂದು ಅವರಲ್ಲಿ ಯಾರಿಗೂ ಬೇಸರವಿರಲಿಲ್ಲ. ಒಬ್ಬ ಇಳಿದು ಊಟದ ಡಬ್ಬಿ ಕೊಳ್ಳುತ್ತಿದ್ದ, ಒಬ್ಬಳು ಮಗುವಿಗೆ ಕಿಟಕಿ ತೋರಿಸುತ್ತಿದ್ದಳು. ಆಮೇಲೆ ನಿಧಾನದ ಗಾಡಿಯೂ ಬಾಗಿಲು ಮುಚ್ಚಿಕೊಂಡು, ಯಾರ ಕ್ಷಮೆಯನ್ನೂ ಕೇಳದೆ, ಹೊರಡುತ್ತಿತ್ತು. ನಾನೋ, ಮಿಸಿಸಾಗದ ರಸ್ತೆಯಲ್ಲಿ ಹಿಂದಿನವನು ಹಾರ್ನ್ ಹೊಡೆದರೆ ಸ್ಟಿಯರಿಂಗಿಗೇ 'ಸಾರಿ' ಹೇಳಿದವಳು. ಬೆಂಚಿನ ಮೇಲೆ ಕುಳಿತು, ಚಟ್ನಿಪುಡಿ ನೆಕ್ಕುತ್ತ, ಈ ಪರೀಕ್ಷಕರನ್ನು ಒಂದು ಸಲ ಇಲ್ಲಿಗೆ ಕರೆತರಬೇಕು ಎಂದುಕೊಳ್ಳುತ್ತಿದ್ದೆ.

ಎರಡನೆಯ ವಾರದ ಕೊನೆಗೆ ಫ್ರಾಂಕ್ ಹೋಟೆಲಿನ ಲಾಬಿಯಲ್ಲಿ ತನ್ನ ಟ್ರಾನ್ಸ್‌ಪರೆನ್ಸಿಗಳನ್ನು ಹರಡಿಕೊಂಡು ಕುಳಿತಿದ್ದ. ಆಗೆಲ್ಲ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು ದೀಪದ ಪೆಟ್ಟಿಗೆಯ ಮೇಲಿಟ್ಟು ಗೋಡೆಗೆ ತೋರಿಸುವ ಕಾಲ. ಒಂದು ಹಾಳೆಯ ಮೇಲೆ 'ಇನ್‌ಸ್ಪೆಕ್ಷನ್' ಎಂದು ಬರೆದು, ಎಂಟು ಗೊಂಬೆ, ಪಕ್ಕಕ್ಕೊಂದು ಬಾಣ, ಬಾಣದಾಚೆ ನಾಲ್ಕು ಗೊಂಬೆ ಬಿಡಿಸಿದ್ದ. ಎಂಟರಲ್ಲಿ ಮರಿಯಾ ಯಾವುದು, ಹರ್‌ಭಜನ್ ಯಾವುದು ಎಂದು ನನ್ನ ಕಣ್ಣು ಹುಡುಕಿತು.

"ಇದು ಆಗಲ್ಲ ಫ್ರಾಂಕ್" ಎಂದೆ.

"ಯಾಕೆ ಆಗಲ್ಲ? ಇವರ ಚೆಕ್ ಮಾಡೋ ಮೆಷಿನ್ ನೋಡಿದೆಯಲ್ಲ. ಅರ್ಧ ಜನ, ದುಪ್ಪಟ್ಟು ವೇಗ. ನಿಧಾನವೇ ನಮ್ಮ ಕಾಯಿಲೆ, ವಾಸು."

"ಇವರ ಮೆಷಿನ್ ಪಾಸು ಮಾಡಿದ್ದನ್ನ ಇವರೇ ಮತ್ತೆ ಕೈಯಲ್ಲಿ ನೋಡ್ತಾರೆ. ಅದನ್ನ ನೀನು ನೋಡಲಿಲ್ವಾ? ನಾನು ಇದನ್ನ ಒಪ್ಪಲ್ಲ."

"ನೀನು ಒಪ್ಪಬೇಕಾಗಿಲ್ಲ" ಎಂದ, ಸಿಟ್ಟಿಲ್ಲದೆ. "ಮಾತಾಡಲೂ ಬೇಕಾಗಿಲ್ಲ. ಪಕ್ಕದಲ್ಲಿ ಕೂತಿದ್ದರೆ ಸಾಕು. ಇನ್‌ಸ್ಪೆಕ್ಷನ್ನಿನ ಮುಖ್ಯಸ್ಥೆಯೇ ಬಂದಿದ್ದಾಳೆ ಅಂದರೆ ಅವರಿಗೆ ನಂಬಿಕೆ ಬರತ್ತೆ."

ನಾನು ಸಮುದ್ರ ದಾಟಿ ಬಂದದ್ದು ಗೊಂಬೆಯ ಪಕ್ಕ ಗೊಂಬೆಯಾಗಿ ಕೂರುವುದಕ್ಕೆ ಎಂದು ಆಗ ತಿಳಿಯಿತು. ರಾತ್ರಿ ಮನೆಗೆ ಫೋನ್ ಮಾಡಿ ಹೇಳಿಕೊಂಡೆ. ಶ್ರೀಪತಿ ಪೂರ್ತಿ ಕೇಳಿಸಿಕೊಂಡು, "ಬಾಸ್ ಜೊತೆ ಜಗಳ ಆಡ್ಬೇಡ. ಪರದೇಶ" ಎಂದರು. ನಮಗೆ ಕೆನಡಾ ಯಾವಾಗ ಸ್ವದೇಶವಾಯಿತೋ ಕೇಳೋಣವೆಂದುಕೊಂಡೆ, ಫೋನಿನ ಬಿಲ್ಲು ನೆನಪಾಗಿ ಇಟ್ಟುಬಿಟ್ಟೆ.

ಹೆಡ್ ಆಫೀಸಿಗೆ ಹೋಗುವ ದಿನ ಬಂತು. ನಮ್ಮ ಸ್ಟೇಶನ್ನಿನಿಂದ ಆ ನಿಂತು ನಿಂತು ಹೋಗುವ ಬುಲೆಟ್ ಟ್ರೈನಿನಲ್ಲಿ ಟಿಕೆಟ್. ಗಾಡಿ ಬಂತು, ಹತ್ತಿ ಕುಳಿತೆವು. ಅದು ಪದ್ಧತಿಯಂತೆ ಮಹಾರಾಯನಿಗಾಗಿ ಬಾಗಿಲು ತೆರೆದುಕೊಂಡು ನಿಂತಿತು. ಫ್ರಾಂಕ್ ಮೊಣಕಾಲು ಅಲ್ಲಾಡಿಸಿದ, ಗಡಿಯಾರ ನೋಡಿದ, ತನ್ನ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟ. "ಹೇಗೂ ಇದು ಈಗ ಹೊರಡಲ್ಲ. ಕಾಫಿ ತರ್ತೀನಿ" ಎಂದು ಇಳಿದ. ಮೂರು ವಾರ ಸಂಜೆ ಸಂಜೆ ಇದನ್ನೇ ನೋಡಿದ್ದ ನಾನು, "ಫ್ರಾಂಕ್, ಆ ಗಾಡಿ ದಾಟಿದ ತಕ್ಷಣ ಹೊರಡತ್ತೆ" ಎಂದೆ. ಅವನು ತಿರುಗಿ ನೋಡದೆ ಕೈ ಬೀಸಿದ. ಮಹಾರಾಯ ಬಂದ, ಹೋದ. ಗಂಟೆಯ ರಾಗ ಕೇಳಿಸಿತು, ಬಾಗಿಲು ಮುಚ್ಚಿತು. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಅಲ್ಲಿ ಕಾಫಿ ತುಂಬಿ ಮಾರುವ ತಗಡಿನ ಡಬ್ಬಿ ಎರಡು ಕೈಯಲ್ಲಿ ಎರಡು ಹಿಡಿದು ಫ್ರಾಂಕ್ ಓಡಿ ಬರುತ್ತಿದ್ದ. ಜೀವಮಾನವಿಡೀ ಅವಸರ ಮಾಡಿದವನು ಅವಸರ ಮಾಡಬೇಕಾದ ಹೊತ್ತಿನಲ್ಲಿ ಅಂಗಡಿಯ ಮುಂದೆ ಯಾವ ಡಬ್ಬಿ ಎಂದು ಆರಿಸುತ್ತ ನಿಂತಿದ್ದ. ನನ್ನ ಕಿಟಕಿ ಅವನ ಮುಂದೆ ಹಾದುಹೋಯಿತು. ನಾನು ಏನು ಮಾಡಬೇಕೋ ತಿಳಿಯದೆ ನಮಸ್ಕಾರ ಮಾಡಿದೆ.

ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಬಂದ. ಬೋಗಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಬಗ್ಗಿದ, ಆಮೇಲೆ ನನ್ನ ಹತ್ತಿರ ಬಂದು ನನಗೆ ಪ್ರತ್ಯೇಕವಾಗಿ ಬಗ್ಗಿದ. ಇಡೀ ಗಾಡಿಯಲ್ಲಿ ಹಣೆಗೆ ಕುಂಕುಮವಿಟ್ಟವಳು ನಾನೊಬ್ಬಳೇ, ಹುಡುಕಲು ಕಷ್ಟವಾಗಿರಲಾರದು. ಸ್ಟೇಶನ್ನಿನಿಂದ ಸುದ್ದಿ ಬಂದಿತ್ತು. ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದ: "ಫ್ರಾಂಕ್ ಸಾನ್ ತುಂಬಾ ಕ್ಷಮೆ ಕೇಳುತ್ತಾರೆ. ದಯವಿಟ್ಟು ಮುಂದಿನ ಸ್ಟೇಶನ್ನಿನಲ್ಲಿ ಇಳಿದು ಕಾಯಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತಾರೆ." ಸಾನ್ ಎಂದರೆ ನಮ್ಮ 'ರಾಯರು' ಇದ್ದಂತೆ. ಫ್ರಾಂಕಿನ ಕೈಕೆಳಗೆ ಅಷ್ಟು ವರ್ಷ ದುಡಿದಿದ್ದೆ, ಅವನ ಬಾಯಿಂದ ಕ್ಷಮೆ ಎಂಬ ಮಾತು ಕೇಳಿರಲಿಲ್ಲ. ಅವನು ಆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ನಿಜಕ್ಕೂ ಏನೆಂದಿರುತ್ತಾನೆ ಎನ್ನುವುದನ್ನು ನಾನು ಇಲ್ಲಿ ಬರೆಯುವಂತಿಲ್ಲ. ಅದು ಸ್ಟೇಶನ್ ಮಾಸ್ತರರ ಕಿವಿಯೊಳಗೆ ಹೋಗಿ ಕಂಡಕ್ಟರನ ಬಾಯಿಂದ ಹೊರಬರುವಷ್ಟರಲ್ಲಿ ಇಸ್ತ್ರಿಯಾಗಿತ್ತು.

ಕಂಡಕ್ಟರ್ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಉತ್ತರ ಬೇಕಂತೆ. ನಾನು ಬ್ಯಾಗಿನ ಕಡೆ ನೋಡಿದೆ. ಒಳಗೆ ಎಂಟು ಗೊಂಬೆ, ಬಾಣ, ನಾಲ್ಕು ಗೊಂಬೆ. "ಇಳಿಯಲ್ಲ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಕನ್ನಡದಲ್ಲಿ ಅಂದುಬಿಟ್ಟಿದ್ದೆ. "ನೋ" ಎಂದೆ. ಅವನ ಮುಖ ಬಾಡಿತು. ಅಷ್ಟು ಬೋಳಾದ ಮಾತನ್ನು ಆ ಸಮವಸ್ತ್ರ ತೊಟ್ಟ ಮೇಲೆ ಯಾರೂ ಅವನ ಕೈಗೆ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಬಗ್ಗಿ, ಬರೆದುಕೊಂಡು ಹೋದ.

ಆದರೆ ಧೈರ್ಯದ ನಿಜವಾದ ಪರೀಕ್ಷೆ ಮುಂದಿನ ಸ್ಟೇಶನ್ನಿನಲ್ಲಿತ್ತು. ಬೇಗ ಹೊರಡುವ ಗಾಡಿಯಲ್ಲಿ ಧೈರ್ಯ ತೋರಿಸುವುದು ಸುಲಭ; ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಮುಗಿದುಹೋಗುತ್ತದೆ. ಇದು ಅಲ್ಲಿಯೂ ಹೋಗಿ ಇನ್ನೊಬ್ಬ ಮಹಾರಾಯನಿಗಾಗಿ ಬಾಗಿಲು ತೆರೆದು ನಿಂತಿತು. ನಿಂತೇ ಇತ್ತು. ನನ್ನ ಕೆಲಸ, ಮನೆಯ ಸಾಲದ ಕಂತು, 'ಪರದೇಶ' ಎಂದ ಗಂಡ, ಎಲ್ಲರೂ ಒಬ್ಬೊಬ್ಬರಾಗಿ ಆ ತೆರೆದ ಬಾಗಿಲಿಂದ ಹತ್ತಿ ಬಂದು ಎದುರು ಸೀಟಿನಲ್ಲಿ ಕುಳಿತರು. ಒಂದು ಸಲ ಎದ್ದೂ ನಿಂತೆ. ಪಕ್ಕದ ಅಜ್ಜಿ ನಾನು ಇಳಿಯುತ್ತೇನೆಂದು ಕಾಲು ಒತ್ತಟ್ಟಿಗೆ ಸರಿಸಿದಳು. ನನಗೆ ಮರಿಯಾಳ ಮಾತು ನೆನಪಾಯಿತು. ನಾನು ಹೊರಡುವ ಮುನ್ನ, "ಅಲ್ಲಿ ಹೋಗಿ ನಮ್ಮ ಬಗ್ಗೆ ಒಳ್ಳೆಯದು ಹೇಳು" ಎಂದಿದ್ದಳು. ಅವಳಿಗೆ ಗೊಂಬೆಯ ವಿಷಯ ಗೊತ್ತಿರಲಿಲ್ಲ. ಅಜ್ಜಿಗೆ ಇಲ್ಲವೆಂದು ತಲೆಯಾಡಿಸಿ ಮತ್ತೆ ಕುಳಿತೆ. ಮಹಾರಾಯ ಹೋದ. ಬಾಗಿಲು ಮುಚ್ಚಿತು. ಅಂಥ ಒಳ್ಳೆಯ ಸದ್ದನ್ನು ನಾನು ಹೆಚ್ಚು ಕೇಳಿಲ್ಲ.

ಹೆಡ್ ಆಫೀಸಿನಲ್ಲಿ ಉದ್ದ ಮೇಜಿನ ಆಚೆ ಐದಾರು ಜನ ಕುಳಿತಿದ್ದರು. ಫ್ರಾಂಕ್ ಎಲ್ಲಿ ಎಂದು ಕೇಳಿದರು. "ಸ್ಟೇಶನ್ನಿನಲ್ಲಿ ಒಂದು ಕೆಲಸ ಬಿತ್ತು, ಮುಂದಿನ ಗಾಡಿಗೆ ಬರುತ್ತಾರೆ" ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲ. ಟ್ರಾನ್ಸ್‌ಪರೆನ್ಸಿಗಳನ್ನು ಒಂದೊಂದಾಗಿ ಇಟ್ಟು, ಫ್ರಾಂಕ್ ಬರೆದದ್ದನ್ನು ಬರೆದಂತೆಯೇ ಹೇಳಿದೆ. ಗೊಂಬೆಯ ಹಾಳೆ ಬಂದಾಗ ಅದನ್ನು ಮಗುಚಿ ಬದಿಗಿಟ್ಟೆ. ದೀಪದ ಬರಿಯ ಬೆಳಕು ಗೋಡೆಯ ಮೇಲೆ ಬಿತ್ತು. ಎಲ್ಲರೂ ಅದನ್ನೇ ನೋಡುತ್ತ ಕುಳಿತರು, ಅದರಲ್ಲೂ ಏನೋ ಅರ್ಥವಿರಬೇಕೆಂಬಂತೆ.

"ಇನ್‌ಸ್ಪೆಕ್ಷನ್ ಬಗ್ಗೆ ತೋರಿಸುವುದಕ್ಕೆ ಏನೂ ಇಲ್ಲ" ಎಂದೆ. ನನ್ನ ಇಂಗ್ಲಿಷು ಮೈಸೂರಿನದು, ಅವರದು ಜಪಾನಿನದು; ಎರಡೂ ಕಡೆಯವರಿಗೆ ನಿಧಾನವಾಗಿ ಹೇಳಿದರೆ ಮಾತ್ರ ತಿಳಿಯುತ್ತಿತ್ತು. "ನಮ್ಮಲ್ಲಿ ಎಂಟು ಜನ ಇದ್ದಾರೆ. ಎಂಟೇ ಇರಬೇಕು. ಅವರು ನಿಧಾನ. ನಾನೂ ನಿಧಾನ. ಅವಸರದಲ್ಲಿ ಬೆರಳು ಓಡಿಸಿದರೆ ಗುಳಿ ಸಿಗುವುದಿಲ್ಲ, ಆಮೇಲೆ ನೀರು ಒಳಗೆ ಬಂದಾಗ ಎಲ್ಲರಿಗೂ ಸಿಗುತ್ತದೆ. ನಿಮ್ಮ ಬುಲೆಟ್ ಟ್ರೈನಿನಲ್ಲೇ ಈಗ ಬಂದೆ. ಅದು ಪ್ರತಿ ಸ್ಟೇಶನ್ನಿನಲ್ಲೂ ನಿಂತಿತು. ಯಾರೂ ಅದನ್ನು ಕೆಟ್ಟ ಗಾಡಿ ಎನ್ನಲಿಲ್ಲ."

ನಡುವಿನಲ್ಲಿ ಕುಳಿತಿದ್ದ ಹಿರಿಯರು ಕಣ್ಣು ಮುಚ್ಚಿದ್ದರು. ನಿದ್ದೆಯೋ ಯೋಚನೆಯೋ ಅಲ್ಲಿ ಹೇಳಲು ಬರುವುದಿಲ್ಲ. ಆಗ ಬಾಗಿಲು ತೆರೆದು ಫ್ರಾಂಕ್ ಬಂದ. ಟೈ ಹೆಗಲ ಮೇಲೆ, ಎರಡು ಜೇಬಿನಲ್ಲಿ ಎರಡು ಡಬ್ಬಿ. ಬಂದವನೇ ಗೋಡೆ ನೋಡಿದ. ಗೋಡೆ ಖಾಲಿ. ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಹಿರಿಯರು ಕಣ್ಣು ಬಿಟ್ಟು, "ಇನ್‌ಸ್ಪೆಕ್ಷನ್ ಬಗ್ಗೆ ಇವರು ಹೇಳಿದರು. ನಿಮ್ಮ ಅಭಿಪ್ರಾಯವೂ ಅದೇ ತಾನೆ?" ಎಂದರು.

ನಾನು ಏನು ಹೇಳಿದ್ದೆನೋ ಫ್ರಾಂಕಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬೇಕಾದರೆ, ಕಾಫಿ ಆರಿಸುತ್ತ ಜಪಾನಿನ ಗಾಡಿ ತಪ್ಪಿಸಿಕೊಂಡೆ ಎಂದೂ ಆ ಮೇಜಿನ ಮುಂದೆ ಹೇಳಬೇಕಾಗುತ್ತಿತ್ತು. ಅವನು ಟೈ ಸರಿಮಾಡಿಕೊಂಡು, "ಅದರಲ್ಲಿ ಸಂಶಯವೇ ಇಲ್ಲ. ನಾವಿಬ್ಬರೂ ಕೂತು ಮಾಡಿದ ತೀರ್ಮಾನ" ಎಂದ.

ವಾಪಸು ಗಾಡಿಯಲ್ಲಿ ಎರಡು ಸ್ಟೇಶನ್ ದಾಟುವವರೆಗೆ ಅವನು ತನ್ನ ಹಾಳೆಗಳನ್ನು ತೆಗೆದು ತೆಗೆದು ಎಣಿಸುತ್ತಿದ್ದ. ಆಮೇಲೆ, "ನಾನು ಏನು ಒಪ್ಪಿಕೊಂಡೆ?" ಎಂದು ಕೇಳಿದ. ಹೇಳಿದೆ. ಮುಖ ಕೆಂಪಾಯಿತು. "ನಿನ್ನನ್ನು ಇಳಿ ಅಂತ ಹೇಳಿ ಕಳಿಸಿದೆನಲ್ಲ?"

"ಇಳಿಯಲ್ಲ ಅಂತ ನಾನೂ ಹೇಳಿ ಕಳಿಸಿದೆನಲ್ಲ."

"ನನಗೆ ಬಂದ ಉತ್ತರ ಬೇರೆ" ಎಂದ. "ಮೇಡಂ ಅವರಿಗೆ ಇದು ಸ್ವಲ್ಪ ಕಷ್ಟವಾಗಬಹುದು ಅಂದರು. ನಿನಗೇನೋ ಹುಷಾರಿಲ್ಲ ಅಂದ್ಕೊಂಡೆ ನಾನು. ದಾರಿಯೆಲ್ಲ ಅದೇ ಯೋಚನೆ." ಜೇಬಿನಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟ. "ನಿನ್ನದು ಟೀ. ಹಾಲಿಲ್ಲದ್ದು ಯಾವುದು, ಇದ್ದದ್ದು ಯಾವುದು ಅಂತ ಹುಡುಕೋದರಲ್ಲೇ ಗಾಡಿ ಹೋಯಿತು." ಟೀ ತಣ್ಣಗಾಗಿತ್ತು. ಸಕ್ಕರೆಯೂ ಹೆಚ್ಚು. ಪೂರ್ತಿ ಕುಡಿದೆ.

ಹೊಸ ಮಾಡೆಲಿನ ಕೆಲಸ ನಮ್ಮ ಕಾರ್ಖಾನೆಗೆ ಬಂತು, ಎಂಟು ಜನವೂ ಉಳಿದರು. ವುಡ್‌ಬ್ರಿಡ್ಜಿನಲ್ಲಿ ಫ್ರಾಂಕ್ ಈ ಕಥೆ ಹೇಳುವಾಗ, ಇನ್‌ಸ್ಪೆಕ್ಷನ್ ಮುಟ್ಟಬಾರದು ಎಂಬ ಬುದ್ಧಿ ಅವನಿಗೇ ಹೊಳೆದದ್ದಾಗಿರುತ್ತಿತ್ತು. ನನ್ನ ಹೊಟ್ಟೆ ಉರಿಯಿತು, ಆದರೆ ಹರ್‌ಭಜನ್ ಕೌರ್, "ಕೋಯೀ ಬಾತ್ ನಹೀ, ಹೇಳಿಕೊಳ್ಳಲಿ. ಒಂದು ಸಲ ಹೇಳಿದ ಮೇಲೆ ತಿರುಗಿಸೋಕಾಗಲ್ಲ" ಎಂದಳು. ಮನೆಯಲ್ಲಿ ಶ್ರೀಪತಿ ಎಲ್ಲವನ್ನೂ ಕೇಳಿ, "ಅದೆಲ್ಲಾ ಸರಿ, ಸ್ಪೀಡ್ ಎಷ್ಟು?" ಎಂದರು. ನಾನು ನೋಡಿಕೊಂಡು ಬಂದಿರಲಿಲ್ಲ.

ಆ ವರ್ಷ ದೀಪಾವಳಿಯ ಊಟದಲ್ಲಿ ಬಸವಂತರಾಯರು ತಟ್ಟೆ ಹಿಡಿದು ಬಂದು, "ಜಪಾನ್ ನೋಡಿ ಬಂದ್ಯಂತ. ಇನ್ನರ ಗಾಡಿ ಕಲೀತಿಯೇನವಾ?" ಎಂದರು. ಸುತ್ತ ನಾಲ್ಕಾರು ಜನ ನಗಲು ಸಿದ್ಧರಾಗಿ ನಿಂತಿದ್ದರು.

"ಇಲ್ಲ ಡಾಕ್ಟ್ರೇ, ಕಲಿಯಲ್ಲ" ಎಂದೆ. "ಬಸ್ಸಿದೆ, ಟ್ರೈನಿದೆ, ನೀವೇ ನೋಡಿದಂತೆ ಕಾಲೂ ಇದೆ. ಪರೀಕ್ಷೆಗೂ ಹೋಗಲ್ಲ. ಅವರಿಗೆ ನಿಧಾನ ಬೇಡದಿದ್ದರೆ ನನಗೆ ಅವರ ಲೈಸೆನ್ಸ್ ಬೇಡ."

ರಾಯರು ಚಿರೋಟಿ ಮುರಿದರು. "ಹಂಗಾರ ಮುಗೀತು ಬಿಡು" ಎಂದರು. ಆಮೇಲೆ ಅವರು ಕೇಳಲಿಲ್ಲ. ಮುಂದೆ ಹಳೆಯ ಮನೆ ಬಿಟ್ಟು ಬೇರೆ ಮನೆ ಕೊಳ್ಳುವಾಗಲೂ ನಾನು ಬಿಡಲಿಲ್ಲ. ಸ್ಟೇಶನ್ನಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕೆಂದು ಪಟ್ಟು ಹಿಡಿದು, ಟೊರಾಂಟೊಗೆ ರೈಲು ಹೋಗುವ ಜಾರ್ಜ್‌ಟೌನಿನಲ್ಲೇ ಕೊಳ್ಳುವಂತೆ ಮಾಡಿದೆ. ಕೆಲಸವನ್ನೂ ಟೊರಾಂಟೊ ಕಡೆಗೆ ಬದಲಾಯಿಸಿಕೊಂಡೆ. ಶ್ರೀಪತಿ ಇವತ್ತಿಗೂ ತಮ್ಮ ಆಫೀಸು ದೂರವಾಯಿತೆಂದು ಗೊಣಗುತ್ತಾರೆ. ಗೊಣಗಲಿ. ಅವರಿಗೆ ಕಾರಿದೆ.

ಹೀಗೆ ತಲೆ ಎತ್ತಿಕೊಂಡು ಬಹಳ ವರ್ಷ ಬದುಕಿದೆ. ಮೊನ್ನೆ ಮೊನ್ನೆ ಮೇಘಳಿಗೆ ಲೈಸೆನ್ಸ್ ಬಂತು, ಮೊದಲನೆಯ ಪರೀಕ್ಷೆಯಲ್ಲೇ. ಹಿಮ ಬೀಳುತ್ತಿದ್ದ ಒಂದು ಸಂಜೆ, "ಅಮ್ಮಾ, ಐ ವಿಲ್ ಪಿಕ್ ಯೂ ಅಪ್" ಎಂದು ಸ್ಟೇಶನ್ನಿಗೆ ಬಂದಳು. ಅಷ್ಟು ಹತ್ತಿರಕ್ಕೆ ಕಾರೇಕೆ ಎಂದೆ, ಆದರೂ ಹೆತ್ತ ಮಗಳು ಕರೆದಳೆಂದು ಕುಳಿತೆ. ಎರಡು ಕೈಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಹಿಮದ ರಸ್ತೆಯಲ್ಲಿ ಅಷ್ಟಷ್ಟೇ ಮುಂದೆ ಹೋಗುತ್ತಿದ್ದಳು. ಹಿಂದೆ ಕಾರುಗಳ ಸಾಲು ಬೆಳೆಯಿತು. ಒಬ್ಬ ಹಾರ್ನ್ ಹೊಡೆದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಬ್ಬ ಹೊಡೆದ. ನನ್ನ ಬಲಗಾಲು ಕೆಳಗೆ ಏನನ್ನೋ ಒತ್ತುತ್ತಿತ್ತು, ಬ್ರೇಕನ್ನಲ್ಲ.

"ಸ್ವಲ್ಪ ಬೇಗ ಹೋಗೇ, ಹಿಂದೆ ಜನ ಕಾಯ್ತಿದಾರೆ" ಎಂದೆ.

ಮೇಘ ರಸ್ತೆಯಿಂದ ಕಣ್ಣು ತೆಗೆಯದೆ, "ವಾಟ್ ಡಿಡ್ ಯೂ ಸೇ?" ಎಂದಳು.

"ಏನಿಲ್ಲ" ಎಂದೆ. "ಮುಂದೆ ನೋಡಿಕೊಂಡು ಓಡಿಸು ಅಂದೆ."

ಅವಳಿಗೆ ಕನ್ನಡ ಮಾತಾಡಲು ಬರುವುದಿಲ್ಲ. ಅರ್ಥ ಎಲ್ಲಾ ಆಗುತ್ತದೆ ಎನ್ನುತ್ತೇವಲ್ಲ, ಅದು ಸುಳ್ಳಾಗಿರಲಿ ಎಂದು ಅವತ್ತೊಂದು ದಿನ ದೇವರಲ್ಲಿ ಬೇಡಿಕೊಂಡೆ. ಅವಳ ತುಟಿಯಂಚಿನ ನಗು ನೋಡಿದರೆ ದೇವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಆದರೂ ಆ ಮಾತನ್ನು ನಾನು ಆಡಿಯೇ ಇಲ್ಲ, ಯಾರು ಕೇಳಿದರೂ ಆಡಿಲ್ಲ ಎಂದೇ ಹೇಳುವವಳು.